ಎರಡು ಬಾಗಿಲ ಗೂಡು

ಅವಳಿಗೆ ಮೆತ್ತಕ್ಕ ಅಂತ ಹೆಸರು ಬಿದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಹದಿನಾಲ್ಕು ವರ್ಷದಿಂದ ಅಲ್ಲೇ ಕೆಲಸ, ಆದರೂ ಅವಳು ಒಳಗೆ ಬಂದದ್ದು ಇವತ್ತಿಗೂ ಯಾರಿಗೂ ತಿಳಿಯುವುದಿಲ್ಲ. ತಿರುಗಿ ನೋಡಿದರೆ ಬಾಗಿಲ ಪಕ್ಕ ನಿಂತಿರುತ್ತಾಳೆ. ಎಲ್ಲಿಗೆ ಹೋದರೂ ಅವಳು ನಿಲ್ಲುವುದು ಬಾಗಿಲ ಪಕ್ಕವೇ.

ಹಾಸಿಗೆಯ ಬೆಡ್‌ಶೀಟು ಮಡಚುವುದು ಒಬ್ಬರ ಕೆಲಸವಲ್ಲ. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ಎಳೆಯಬೇಕು, ಸುಕ್ಕು ಹೋದ ಮೇಲೆ ಎದುರುಬದುರು ನಡೆದುಬಂದು ತುದಿಗೆ ತುದಿ ಕೂಡಿಸಬೇಕು. ಅವಳ ಜೋಡಿಯವಳಿಗೆ ಗುಡುಗಮ್ಮ ಎಂದು ಹೆಸರು, ಯಾಕೆಂದು ಬೇರೆ ಹೇಳಬೇಕಿಲ್ಲ. "ಎಳೀರಿ ಮೆತ್ತಕ್ಕ, ಜೋರಾಗಿ ಎಳೀರಿ! ಬೆಡ್‌ಶೀಟು ಇದು, ಬಾಣಂತಿ ಅಲ್ಲ!" ಗುಡುಗಮ್ಮ ಬಾಯಿ ತೆರೆದಾಗಲೆಲ್ಲ ಮೆತ್ತಕ್ಕನ ಕೈಯಿಂದ ತುದಿ ಜಾರುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಆ ಹೆಂಗಸು ಒಂದು ಇರುವೆಗೂ ಕೆಟ್ಟದ್ದು ಮಾಡಿದವಳಲ್ಲ. ಅದು ಮೆತ್ತಕ್ಕನ ಬುದ್ಧಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಕೈಗೆ ಬೇರೆ ಪಾಠ ಆಗಿತ್ತು. ಅವಳು ಬೆಳೆದ ಮನೆ ಎರಡನೇ ಮಹಡಿಯಲ್ಲಿತ್ತು. ಅಪ್ಪನ ಬೂಟು ಮೂರನೇ ಮೆಟ್ಟಿಲ ಮೇಲೆ ಬೀಳುವ ಸದ್ದಿನಲ್ಲೇ ಆ ಸಂಜೆ ಹೇಗಿರುತ್ತದೆ ಎಂದು ಅವಳು ಹೇಳಬಲ್ಲವಳಾಗಿದ್ದಳು. ಅಮ್ಮ ಓಡಿ ಅಡುಗೆಮನೆ ಸೇರುತ್ತಿದ್ದಳು. ಅಡುಗೆಮನೆಗೆ ಇದ್ದದ್ದು ಒಂದೇ ಬಾಗಿಲು, ಆ ಬಾಗಿಲಲ್ಲಿ ಅಪ್ಪ ನಿಲ್ಲುತ್ತಿದ್ದ. ಏಳು ವರ್ಷದ ಹುಡುಗಿ ಅವನ ಕಾಲ ಸಂದಿಯಲ್ಲಿ ನುಸುಳಿ ಮಧ್ಯೆ ಹೋಗಿ ನಿಲ್ಲುತ್ತಿದ್ದಳು. ಎಡ ಹುಬ್ಬಿನ ಮೇಲಿನ ಗೆರೆ ಅಲ್ಲಿಯದು. ಗೋಡೆಯಾಚೆಯವರಿಗೆ ಎಲ್ಲವೂ ಕೇಳಿಸುತ್ತಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಹೇಳಿಕೊಂಡು ಅವರು ಉಂಡು ಮಲಗುತ್ತಿದ್ದರು. ಈ ಗಾದೆ ಕಟ್ಟಿದ ಪುಣ್ಯಾತ್ಮನ ಮನೆಯಲ್ಲಿ ಯಾರಿಗೂ ಏಟು ಬಿದ್ದಿರಲಿಕ್ಕಿಲ್ಲ.

ಮದುವೆಯೇ ಬೇಡ ಎಂದಿದ್ದವಳು ನಲವತ್ತೊಂದಕ್ಕೆ ಮದುವೆಯಾದಳು. ಗಂಡ ಬೀಗ ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡವನು. ಬಟ್ಟೆ ವಿಭಾಗದ ಕಪಾಟಿನ ಬೀಗ ಕೆಟ್ಟಾಗ ಬಂದಿದ್ದ. ಅರ್ಧ ಗಂಟೆ ಕೆಲಸ ಮಾಡಿದರೂ ಬೀಗಕ್ಕೆ ಒಂದು ಪೆಟ್ಟೂ ಹಾಕಲಿಲ್ಲ. ಅದನ್ನು ನೋಡಿಯೇ ಅವಳು ಒಪ್ಪಿದ್ದು. ಅವನಿಗೆ ಹನ್ನೆರಡು ವರ್ಷದ ಮಗಳಿದ್ದಳು. ಆ ಮಗಳಿಗೆ ಎರಡು ಗಿನಿಪಿಗ್‌ಗಳಿದ್ದವು, ಕಪ್ಪಿ ಮತ್ತು ಬೆಣ್ಣೆ. ಎರಡೂ ಹೆಣ್ಣು, ಎರಡೂ ತೀರಿಕೊಂಡ ತಾಯಿ ತಂದುಕೊಟ್ಟವು. ಅವಕ್ಕೊಂದು ಗೂಡನ್ನೂ ಆ ತಾಯಿ ತನ್ನ ಕೈಯಾರೆ ಮಾಡಿದ್ದಳು: ತೆಳು ಪ್ಲೈವುಡ್ಡಿನದು, ತಳವಿಲ್ಲದ್ದು, ನೀಲಿ ಬಣ್ಣ, ಮುಂದೆ ಕಮಾನಿನ ಬಾಗಿಲು, ಹಿಂದಿನ ಗೋಡೆಯ ಮೇಲೆ ಬಿಡಿಸಿದ ಹಳದಿ ಕಿಟಕಿ, ಕಿಟಕಿಯಲ್ಲೊಂದು ಹೂಕುಂಡ. ಆ ಮನೆಯಲ್ಲಿ ಬೇರೆ ಏನನ್ನು ಮುಟ್ಟಿದರೂ ನಡೆಯುತ್ತಿತ್ತು, ಆ ಗೂಡನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ.

ಹುಡುಗಿ ಕೆಟ್ಟವಳಲ್ಲ. ಮೆತ್ತಕ್ಕನನ್ನು ಆಂಟಿ ಎನ್ನುತ್ತಿದ್ದಳು, ಮನೆಗೆ ಬಂದ ನೆಂಟರ ಹತ್ತಿರ ನಡೆದುಕೊಳ್ಳುವ ಹಾಗೆ ನಡೆದುಕೊಳ್ಳುತ್ತಿದ್ದಳು. ಮೆತ್ತಕ್ಕನೂ ಅಷ್ಟೇ, ಹುಡುಗಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ನಾಲ್ಕು ತಿಂಗಳಾದರೂ ಇಬ್ಬರ ನಡುವೆ ಒಂದು ಕೊಂಕು ಮಾತೂ ಇರಲಿಲ್ಲ. ನೋಡಿದವರು ಹೊಗಳುತ್ತಿದ್ದರು. ನನಗೇನೋ ಅದು ಇಬ್ಬರು ಅಪರಿಚಿತರು ಲಿಫ್ಟಿನಲ್ಲಿ ನಿಂತ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಕಪ್ಪಿ ಸತ್ತುಹೋಯಿತು. ಬೆಣ್ಣೆ ಗೂಡು ಸೇರಿದ್ದು ಹೊರಗೆ ಬರಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರೆ ಒಂಬೈನೂರ ನಲವತ್ತು ಗ್ರಾಂ ಇದ್ದದ್ದು ಎಂಟುನೂರ ಎಂಬತ್ತಾಗಿತ್ತು. "ಇವು ಗುಂಪಲ್ಲಿ ಬದುಕೋ ಜೀವ. ಒಂಟಿ ಬಿಟ್ರೆ ಕೊರಗಿ ಹೋಗುತ್ತೆ" ಎಂದರು ಪ್ರಾಣಿ ವೈದ್ಯೆ. ಹಾಗೆ ಬಂದದ್ದು ಹೊಸ ಹೆಣ್ಣು. ಕಂದು ಬಣ್ಣ, ತಲೆಯ ಮೇಲೆ ಎದ್ದುನಿಂತ ಸುಳಿ, ಬಂದ ದಿನವೇ ಬುಟ್ಟಿಯನ್ನು ಕಡಿದು ತೂತು ಮಾಡಿತು. ಹುಡುಗಿ ಅದಕ್ಕೆ ಜೋರಮ್ಮ ಎಂದು ಹೆಸರಿಟ್ಟಳು.

ಬೆಳಗಿನ ಪಾಳಿ ಮುಗಿಸಿ ಮೆತ್ತಕ್ಕ ಎರಡೂವರೆಗೆ ಮನೆಯಲ್ಲಿರುತ್ತಿದ್ದಳು. ಹುಡುಗಿ ಶಾಲೆಯಿಂದ ಬರುವುದು ನಾಲ್ಕೂವರೆಗೆ. ಎರಡನ್ನೂ ಒಗ್ಗಿಸುವ ಕೆಲಸ ಹಾಗಾಗಿ ಅವಳ ಪಾಲಿಗೆ ಬಂತು.

"ಆಂಟಿ, ಬೆಣ್ಣೆಗೇನೂ ಆಗಬಾರದು" ಎಂದಳು ಹುಡುಗಿ, ಶೂ ಕಟ್ಟಿಕೊಳ್ಳುತ್ತಾ. "ಅಮ್ಮ ತಂದಿದ್ರಲ್ಲಿ ಉಳಿದಿರೋದು ಅದೊಂದೇ."

ಬೆಣ್ಣೆ ಸತ್ತರೆ ಈ ಮನೆಯಲ್ಲಿ ತನಗೆ ಜಾಗವಿಲ್ಲ ಎಂದು ಮೆತ್ತಕ್ಕ ಆಗಲೇ ತೀರ್ಮಾನಿಸಿಬಿಟ್ಟಳು. ಯಾರೂ ಹಾಗೆ ಹೇಳಿರಲಿಲ್ಲ.

ಮೊದಲ ಮಧ್ಯಾಹ್ನ ನೆಲದ ಮೇಲೆ ಬೆಡ್‌ಶೀಟು ಹಾಸಿ, ಸುತ್ತ ರಟ್ಟು ನಿಲ್ಲಿಸಿ ಎರಡನ್ನೂ ಬಿಟ್ಟಳು. ಜೋರಮ್ಮ ಸೊಂಟ ಆಡಿಸುತ್ತಾ, ದೂರದಲ್ಲಿ ಮೋಟಾರು ಓಡುವ ಹಾಗೆ ಗುರ್ ಎನ್ನುತ್ತಾ ಬೆಣ್ಣೆಯನ್ನು ಸುತ್ತು ಹಾಕಿತು. ಮೂತಿ ಮೇಲೆತ್ತಿತು. ಹಲ್ಲು ಕಟಕಟ ಎಂದಿತು. ಬೆಣ್ಣೆಯ ಬೆನ್ನು ಮೂಸಿ ಮೇಲೇರಲು ನೋಡಿತು. ಬೆಣ್ಣೆ ಕಿರ್‍ರೆಂದು ಕಿರುಚಿತು, ಮೆತ್ತಕ್ಕ ಎತ್ತಿಕೊಂಡಳು. ಆ ಕಿರುಚು ಅವಳ ಕಿವಿಗೆ ಗಿನಿಪಿಗ್ಗಿನದಾಗಿ ಕೇಳಿಸಲೇ ಇಲ್ಲ. ಬೆಣ್ಣೆಯನ್ನು ಎದೆಗೊತ್ತಿಕೊಂಡು ಬಾಗಿಲ ಪಕ್ಕದ ತನ್ನ ಸ್ಟೂಲಿನ ಮೇಲೆ ಕುಳಿತಳು.

ಎರಡನೇ ದಿನ ಕಟಕಟ ಎನ್ನುವ ಮೊದಲೇ ಎತ್ತಿದಳು. ಮೂರನೇ ದಿನ ಮೂತಿ ಎತ್ತಿದ್ದಕ್ಕೇ ಎತ್ತಿದಳು. ಏಳು ದಿನ ಏಳು ಸಲ. ಪ್ರತಿ ಸಲವೂ ಜೋರಮ್ಮನ ಆರ್ಭಟ ಹೆಚ್ಚಾಗುತ್ತಿತ್ತು, ಬೆಣ್ಣೆಯ ತೂಕ ಇಳಿಯುತ್ತಿತ್ತು. ಎಂಟುನೂರ ಹತ್ತು ಬಂದ ದಿನ ಅವಳು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ವೈದ್ಯೆಯ ಹತ್ತಿರ ಓಡಿದಳು.

ವೈದ್ಯೆ ಎಲ್ಲವನ್ನೂ ಕೇಳಿಸಿಕೊಂಡರು. "ಏಳು ಸಲ ಬಿಡಿಸಿದ್ರಾ? ಹಾಗಾದ್ರೆ ಏಳು ಸಲ ಅವು ಮೊದಲನೇ ದಿನಾನೇ ಶುರು ಮಾಡಿವೆ. ಅಲ್ಲಮ್ಮ, ಅದು ಜಗಳ ಅಲ್ಲ. ಯಾರು ಹಿರಿಯಳು ಅಂತ ತೀರ್ಮಾನ ಆಗೋ ಮಾತುಕತೆ. ಗುರ್ ಅನ್ನೋದು, ಅಟ್ಟಿಸ್ಕೊಂಡು ಹೋಗೋದು, ಮೇಲೆ ಹತ್ತೋದು ಎಲ್ಲಾ ಅದೇ. ಒಂದು 'ಸರಿ, ನೀನೇ ದೊಡ್ಡೋಳು' ಅಂತ ತಲೆ ತಗ್ಗಿಸಿದ್ರೆ ಮುಗೀತು. ಅದಕ್ಕೆ ನೀವು ಅವಕಾಶಾನೇ ಕೊಟ್ಟಿಲ್ಲ."

"ಕಿರುಚುತ್ತಲ್ಲ, ಡಾಕ್ಟ್ರೇ."

"ಸೋಲೋದು ಕಿರುಚುತ್ತೆ. 'ಒಪ್ಕೊಂಡೆ, ಬಿಡು' ಅಂತ ಅದರರ್ಥ. ಎರಡೂ ಉಂಡೆ ಹಾಗೆ ಸುತ್ಕೊಂಡು ಕಚ್ಚಾಡಿದ್ರೆ, ರಕ್ತ ಬಂದ್ರೆ, ಆಗ ಬಿಡಿಸಿ. ಬರಿಗೈ ಹಾಕ್ಬೇಡಿ, ಟವೆಲ್ ಎಸೀರಿ."

ರಕ್ತ ಬಂದರೆ ಬಿಡಿಸಬೇಕು. ಮೆತ್ತಕ್ಕ ತಿಳಿಯದೆಯೇ ಹುಬ್ಬು ಮುಟ್ಟಿಕೊಂಡಳು. ಗೇಣುದ್ದದ ಪ್ರಾಣಿಗೂ ಇಷ್ಟು ಸರಳ ನಿಯಮ ಇದೆ. ತಮ್ಮ ಮನೆಯಲ್ಲಿ ರಕ್ತ ಬಂದಾಗ ಗೋಡೆಯಾಚೆಯಿಂದ ಯಾರೂ ಬರಲಿಲ್ಲವಲ್ಲ ಎಂದು ಮೂವತ್ತನಾಲ್ಕು ವರ್ಷ ತಡವಾಗಿ ಅವಳಿಗೆ ಸಿಟ್ಟು ಬಂತು.

"ಗೂಡಿಗೆ ಎಷ್ಟು ಬಾಗಿಲು?" ವೈದ್ಯೆ ಕೇಳಿದರು.

"ಒಂದು."

"ಅದನ್ನ ತೆಗೆದಿಡಿ. ಓಡಿಹೋಗೋಕೆ ಇನ್ನೊಂದು ದಾರಿ ಇಲ್ದೇ ಇದ್ರೆ ಮಾತುಕತೆ ಹೋಗಿ ನಿಜವಾದ ಜಗಳ ಆಗುತ್ತೆ. ಎರಡು ಬಾಗಿಲಿಲ್ಲದ ಗೂಡು ಇಡಲೇಬಾರದು."

ಮರುದಿನ ಮಧ್ಯಾಹ್ನ ನೀಲಿ ಗೂಡನ್ನು ತೆಗೆದು, ಎರಡು ಬಾಗಿಲು ಕೊಯ್ದ ರಟ್ಟಿನ ಪೆಟ್ಟಿಗೆ ಇಟ್ಟು ಎರಡನ್ನೂ ಬಿಟ್ಟು ನೋಡಿದಳು. ಬೆಣ್ಣೆ ಅದರ ಹತ್ತಿರ ಸುಳಿಯಲಿಲ್ಲ. ಬಯಲಲ್ಲಿ ಮುದುರಿ ಕುಳಿತು, ಒಣಹುಲ್ಲನ್ನು ಮೂಸಲೂ ಇಲ್ಲ. ಗೂಡು ತೆಗೆದದ್ದನ್ನು ಹುಡುಗಿ ನೋಡಿದರೆ ಏನೆನ್ನುತ್ತಾಳೋ ಎಂಬ ದಿಗಿಲು ಬೇರೆ. ಹೆದರಿದವರ ಬುದ್ಧಿ ಎಲ್ಲಿ ನೆಟ್ಟಗಿರುತ್ತದೆ? ಡಾಕ್ಟರು ಬೇಡವೆಂದರೂ ಗೂಡನ್ನು ಮತ್ತೆ ತಂದು ಅಲ್ಲೇ ಇಟ್ಟಳು. ಬೆಣ್ಣೆ ಒಳಗೆ ನುಗ್ಗಿತು. ಅದರ ಬೆನ್ನಿಗೇ ಜೋರಮ್ಮ ಹೋಗಿ ಬಾಗಿಲಿಗೆ ಅಡ್ಡ ನಿಂತಿತು.

ಒಳಗಿನಿಂದ ಬಂದದ್ದು ಈ ಸಲ ಬೇರೆ ಸದ್ದು. ಗೂಡು ಅಲುಗಾಡಿತು. ಮೆತ್ತಕ್ಕ ಗೂಡನ್ನು ಎತ್ತಿದಳು. ಎರಡೂ ಒಂದಕ್ಕೊಂದು ಸುತ್ತಿಕೊಂಡು ಉರುಳುತ್ತಿದ್ದವು. ಟವೆಲ್ ಎಸೆದು ಬೇರೆ ಮಾಡಿದಾಗ ಬೆಣ್ಣೆಯ ಕಿವಿಯಂಚಿನಲ್ಲಿ ಒಂದು ಹನಿ ರಕ್ತವಿತ್ತು.

ಫೋನಿನಲ್ಲಿ ವೈದ್ಯೆ, "ಗೀರು ತಾನೇ? ತೊಳೀರಿ. ಅರ್ಧ ಗಂಟೆ ಬಿಟ್ಟು ಮತ್ತೆ ಒಟ್ಟಿಗೆ ಬಿಡಿ, ಆದ್ರೆ ಆ ಗೂಡು ಬೇಡ" ಎಂದರು.

ಗೂಡಿಲ್ಲದಿದ್ದರೆ ಬೆಣ್ಣೆ ತಿನ್ನುವುದಿಲ್ಲ, ಇದ್ದರೆ ಅದರೊಳಗೇ ಸಾಯುತ್ತದೆ. ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ಅವಳು ಗೂಡನ್ನು ಮಡಿಲಲ್ಲಿಟ್ಟು ತಿರುಗಿಸಿ ನೋಡಿದಳು. ಎರಡೂ ಪಕ್ಕಕ್ಕೆ ಒಳಗಿನಿಂದ ಮರದ ಪಟ್ಟಿ ಹೊಡೆದಿತ್ತು. ಕೊಯ್ಯಲು ಬರುವುದು ಹಿಂದಿನ ಗೋಡೆಯೊಂದೇ, ಬುಡದಂಚಿನಿಂದ ಮೇಲಕ್ಕೆ, ಹಳದಿ ಕಿಟಕಿಯ ನಡುವೆ.

ಗಂಡನ ಸಾಮಾನಿನ ಪೆಟ್ಟಿಗೆಯಿಂದ ಸಣ್ಣ ಗರಗಸ ತೆಗೆದಳು. ಮೊದಲ ಎಳೆತಕ್ಕೇ ಹಲಗೆ ಸೊಟ್ಟ ಸೀಳಿತು. ಒಂದೊಂದು ಎಳೆತಕ್ಕೂ, ಇಲ್ಲದ ಹೆಂಗಸಿನ ಹತ್ತಿರ, ತಪ್ಪಾಯ್ತು ಕಣಮ್ಮ, ತಪ್ಪಾಯ್ತು ಎನ್ನುತ್ತಿದ್ದಳು. ಹೂಕುಂಡ ಇದ್ದ ತುಂಡು ಕಳಚಿ ಬಂತು. ಅದನ್ನು ಒರೆಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮತ್ತೆ ಎರಡನ್ನೂ ಬಿಟ್ಟಳು. ಕೈ ತಾನಾಗಿಯೇ ಮುಂದೆ ಹೋಗದಿರಲೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕುಳಿತಳು. ಜೋರಮ್ಮ ಗುರ್ ಎಂದಿತು, ಬೆಣ್ಣೆ ಗೂಡಿಗೆ ಓಡಿತು. ಜೋರಮ್ಮ ಮುಂಬಾಗಿಲಿಂದ ನುಗ್ಗಿತು, ಬೆಣ್ಣೆ ಹಿಂಬಾಗಿಲಿಂದ ಹೊರಗೆ ಬಂತು. ಹೀಗೆ ಎಷ್ಟು ಸುತ್ತೋ. ಬೆಣ್ಣೆ ಕಿರುಚಿದಾಗಲೆಲ್ಲ ಮೆತ್ತಕ್ಕ ಕಣ್ಣು ಮುಚ್ಚಿಕೊಂಡು ಹತ್ತರವರೆಗೆ ಎಣಿಸಿದಳು. ಒಂದು ಸಲ ಕಣ್ಣು ತೆರೆದಾಗ ಜೋರಮ್ಮ ಮೂತಿ ಮೇಲೆತ್ತಿ ನಿಂತಿತ್ತು. ಬೆಣ್ಣೆ ತಲೆ ತಗ್ಗಿಸಿತು. ಜೋರಮ್ಮ ಅದರ ಕಿವಿ ಮೂಸಿ, ಇನ್ನೇನೂ ಹೇಳುವುದಿಲ್ಲವೆಂಬಂತೆ ಹುಲ್ಲಿನ ಕಡೆ ಹೋಯಿತು. ಸ್ವಲ್ಪ ಹೊತ್ತಿಗೆ ಬೆಣ್ಣೆಯೂ ಹಿಂದೆ ಹೋಗಿ ಅದೇ ರಾಶಿಯಿಂದ ಒಂದು ಎಳೆ ಎಳೆದುಕೊಂಡಿತು. ಅದು ಅಗಿಯುವ ಸದ್ದು ಕೇಳಿ ಮೆತ್ತಕ್ಕನಿಗೆ ಅಳು ಬಂತು.

ಅಳು ಪೂರ್ತಿಯಾಗಲಿಲ್ಲ. ಮೆಟ್ಟಿಲ ಮೇಲೆ ಶೂಗಳ ಸದ್ದು. ಮೂರನೇ ಮೆಟ್ಟಿಲು.

ಹುಡುಗಿ ಒಳಗೆ ಬಂದು ಮೊದಲು ನೋಡಿದ್ದು ಮರದ ಹುಡಿ, ಆಮೇಲೆ ಕಿಟಕಿಯಿದ್ದ ಜಾಗದ ತೂತು.

"ಯಾರು ಮಾಡಿದ್ದು ಇದನ್ನ? ಯಾರು ಹೇಳಿದ್ರು ನಿಮಗೆ? ಅಮ್ಮ ಮಾಡಿದ್ದು ಅದು! ನಿಮ್ಮದಲ್ಲ!" ಬ್ಯಾಗು ಗೋಡೆಗೆ ಬಡಿಯಿತು. ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು.

ಹೊರಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು, ತೆರೆದೇ ಇತ್ತು. ಮೆತ್ತಕ್ಕನ ಕಾಲು ಆ ಕಡೆ ತಿರುಗಿಯೂ ಆಗಿತ್ತು. ಅವಳು ಹೋಗಲಿಲ್ಲ. ಧೈರ್ಯವೆಂದು ನಾನು ಹೇಳುವುದಿಲ್ಲ, ಹೋಗಲಿಲ್ಲ ಅಷ್ಟೇ.

"ನಾನೇ ಕೊಯ್ದೆ" ಎಂದಳು. "ಒಳಗೆ ಸಿಕ್ಕಿಹಾಕ್ಕೊಂಡು ಬೆಣ್ಣೆಗೆ ಗಾಯ ಆಯ್ತು. ಇನ್ನೊಂದು ಬಾಗಿಲು ಬೇಕಿತ್ತು. ನಿನ್ನನ್ನ ಕೇಳಬೇಕಿತ್ತು. ಕೇಳೋಕೆ ಹೆದರಿದೆ."

"ಯಾಕೆ ಹೆದರಿಕೆ? ನಾನೇನು ಹೊಡೀತೀನಾ?"

ಮೆತ್ತಕ್ಕ ಸೆರಗಿನ ಗಂಟಿನ ಮೇಲೆ ಕೈಯಿಟ್ಟಳು.

"ನಮ್ಮನೇಲಿ ಹೊಡೀತಿದ್ರು. ನಮ್ಮಮ್ಮನ್ನ. ಅಡುಗೆಮನೆಗೆ ಒಂದೇ ಬಾಗಿಲಿತ್ತು."

ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಹುಡುಗಿ ಅವಳ ಹುಬ್ಬನ್ನೇ ನೋಡಿದಳು. ಮೆತ್ತಕ್ಕ ಸೆರಗಿನ ಗಂಟು ಬಿಚ್ಚಿ ಹೂಕುಂಡದ ತುಂಡನ್ನು ಕೊಟ್ಟಳು. ಹುಡುಗಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತು ಅತ್ತಳು. ಜೋರಮ್ಮ ಗೂಡಿನೊಳಗೆ ಹೋಯಿತು. ಬೆಣ್ಣೆ ಅವಸರವಿಲ್ಲದೆ ಹಿಂದಿನಿಂದ ಹೊರಗೆ ಬಂದು, ಸ್ವಲ್ಪ ನಿಂತು, ತಿರುಗಿ ಒಳಗೇ ಹೋಯಿತು.

"ಸೊಟ್ಟ ಕೊಯ್ದಿದ್ದೀರಿ" ಎಂದಳು ಹುಡುಗಿ, ಮೂಗು ಒರೆಸಿಕೊಳ್ಳುತ್ತಾ.

"ಹೌದು."

"ಅಮ್ಮ ಆಗಿದ್ರೆ ನೇರ ಕೊಯ್ತಿದ್ಲು."

"ಹೌದು, ಕೊಯ್ತಿದ್ರು."

"ನಂಗೆ ಇನ್ನೂ ಸಿಟ್ಟಿದೆ."

"ಇರಲಿ" ಎಂದಳು ಮೆತ್ತಕ್ಕ. ತನ್ನ ಬಾಯಿಂದಲೇ ಬಂದ ಮಾತು ಅವಳಿಗೇ ಹೊಸದಾಗಿ ಕೇಳಿಸಿತು.

ಬೀಗದವನು ಬಂದಾಗ ಚಹಾ ಆಗಿತ್ತು. ಹುಡುಗಿ ಸ್ಟೂಲು ಬಿಟ್ಟು ಏಳಲಿಲ್ಲ, ಅಲ್ಲಿಂದಲೇ ಮರಳು ಕಾಗದದಿಂದ ಗೂಡಿನ ಹೊಸ ಬಾಗಿಲಂಚು ತಿಕ್ಕುತ್ತಿದ್ದಳು. ಅಪ್ಪ ಅವಳ ಪಕ್ಕದ ಕುರ್ಚಿ ಎಳೆದುಕೊಂಡ. ಉಳಿದದ್ದು ಮೇಜಿಗೂ ಗೋಡೆಗೂ ನಡುವಿನ ಒಳಮೂಲೆಯ ಕುರ್ಚಿ. ಮೆತ್ತಕ್ಕ ಲೋಟ ಹಿಡಿದು ಅಲ್ಲಿ ಹೋಗಿ ಕುಳಿತಳು. ಅಲ್ಲಿಂದ ಬಾಗಿಲಿಗೆ ಹೋಗಬೇಕಾದರೆ ಇಬ್ಬರನ್ನೂ ಎಬ್ಬಿಸಬೇಕು. ಅದು ಅವಳಿಗೆ ಹೊಳೆದದ್ದು ಚಹಾ ಕುಡಿದು ಮುಗಿಸಿದ ಮೇಲೆ.