ಅಚ್ಚು ಬದಲಿಸುವ ಹೊತ್ತು

ಎಪ್ಪತ್ತರ ದಶಕದ ಕೊನೆಗೆ ನಾನು ಬೋಳಾರದ ಹೊಳೆ ಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿದ್ದೆ. ಪ್ರೆಸ್ಸಿನಿಂದ ಬಂದ ಹಸಿ ಹೆಂಚಿನ ಅಂಚಿನಲ್ಲಿ ಉಳಿದ ಮಣ್ಣನ್ನು ಕತ್ತರಿಸಿ ಸವರುವುದು ನನ್ನ ಕೆಲಸ. ಮಗನಿಗೆ ಆಗ ಆರು ತಿಂಗಳು ತುಂಬಿರಲಿಲ್ಲ. ಅವನನ್ನು ಅತ್ತೆಯ ಬಳಿ ಬಿಟ್ಟು ಬರುತ್ತಿದ್ದೆ. ಮನೆ ಕಾರ್ಖಾನೆಯ ಗೋಡೆಯಾಚೆಯೇ. ಆದರೂ ಬೆಳಿಗ್ಗೆ ಕೆಲಸಕ್ಕೆ ಕೂತ ಕೂಡಲೇ ನನಗೆ ಶುರುವಾಗುತ್ತಿತ್ತು: ಎದ್ದಿರಬಹುದೇ, ಅತ್ತಿರಬಹುದೇ, ಮಂಚದಿಂದ ಉರುಳಿರಬಹುದೇ. ನನ್ನದು ಮೊದಲೇ ಪುಕ್ಕಲು ಜೀವ.

ಒಂದೇ ಪ್ರೆಸ್ಸಿನಲ್ಲಿ ಮನೆಯ ಮಾಡಿಗೆ ಹೊದಿಸುವ ಚಪ್ಪಟೆ ಹೆಂಚನ್ನೂ, ಮಾಡಿನ ನೆತ್ತಿಗೆ ಕೂರಿಸುವ ಬಾಗಿದ ಹೆಂಚನ್ನೂ ಒತ್ತುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಬ್ಬಿಣದ ಅಚ್ಚು ಬಿಚ್ಚಬೇಕು, ಬೇರೆಯದನ್ನು ಕೂರಿಸಿ ಎಣ್ಣೆ ಸವರಬೇಕು, ಮೊದಲು ಬಂದ ಸೊಟ್ಟ ಹೆಂಚುಗಳನ್ನು ಮತ್ತೆ ಮಣ್ಣಿಗೆ ಹಾಕಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ; ಅಷ್ಟು ಹೊತ್ತು ನಮಗೆ ಕೆಲಸವಿಲ್ಲ. ಪ್ರೆಸ್ಸಿನ ಸದ್ದು ನಿಂತದ್ದು ಮನೆಗೆ ಗೊತ್ತಾಗುತ್ತಿತ್ತು. ಅತ್ತೆ ಮಗುವನ್ನು ಸೊಂಟಕ್ಕೇರಿಸಿ ಗೇಟಿಗೆ ಬರುವರು. ನಾನು ಕೈ ತೊಳೆದು, ಮಣ್ಣಿನ ರಾಶಿಯ ಮರೆಯಲ್ಲಿ ಕೂತು ಹಾಲೂಡುತ್ತಿದ್ದೆ. ಹೀಗೆಂದು ಯಾರೂ ಗೊತ್ತುಮಾಡಿರಲಿಲ್ಲ, ಹೇಗೋ ನಡೆದುಬಂದಿತ್ತು.

ಆಮೇಲೆ ಕೊಡಿಯಾಲ್‌ಬೈಲಿನಿಂದ ಹೊಸ ಇಂಜಿನಿಯರ್ ಬಂದರು. ವಾಚು ಹಿಡಿದು ಒಬ್ಬೊಬ್ಬರ ಪಕ್ಕದಲ್ಲೂ ನಿಂತರು. ನನ್ನ ಪಕ್ಕ ನಿಂತಾಗ ಹೆಂಚಿನ ಮೂಲೆಯನ್ನೇ ಕತ್ತರಿಸಿಬಿಟ್ಟೆ. ಅವರ ಲೆಕ್ಕ ಸರಳ. ಅಚ್ಚು ಬದಲಿಸುವ ಹೊತ್ತು ದಂಡ. ವಾರಕ್ಕೊಮ್ಮೆ ಬದಲಿಸಿದರೆ ಸಾಕು. ಒಬ್ಬಳ ಮುಂದೆ ಹೆಂಚು ರಾಶಿ ಬಿದ್ದು ಇನ್ನೊಬ್ಬಳು ಕೈಕಟ್ಟಿ ಕೂರುವುದೂ ಬೇಡ; ಕೆಲಸವನ್ನು ಎಲ್ಲರಿಗೂ ಸಮನಾಗಿ ಹಂಚಬೇಕು. ಅದರಲ್ಲಿ ತಪ್ಪು ಹುಡುಕಲು ನನಗೆ ಈಗಲೂ ಆಗುವುದಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದ ಕೊಂಕಣಿ ಮಾತಿನ ಬಾಯಮ್ಮ ನನ್ನ ಹಾಗಲ್ಲ, ಯಾರಿಗೂ ಹೆದರುವವರಲ್ಲ. ಇಂಜಿನಿಯರನ್ನು ನಿಲ್ಲಿಸಿ, "ಇವಳಿಗೆ ಹಾಲು ಕುಡಿಯುವ ಮಗು ಉಂಟು. ಅದಕ್ಕೆ ಎಂತ ಮಾಡ್ತೀರಿ?" ಎಂದು ಕೇಳಿಯೇಬಿಟ್ಟರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಪಾಪ, ಇಂಜಿನಿಯರ್ ಒಳ್ಳೆಯವರೇ. ಯಾವಾಗ ಬೇಕಾದರೂ ಎದ್ದು ಹೋಗಿ ಬರಲಿ, ಯಾರೂ ಕೇಳುವುದಿಲ್ಲ ಎಂದರು.

ಹೋದೆ, ಮೊದಲ ದಿನ, ಅತ್ತೆಗೆ ಹೊತ್ತು ಹೇಳಿಟ್ಟು ಗೇಟಿಗೆ. ಮುಂಚೆಯಾದರೆ ಯಾರಾದರೊಬ್ಬರ ಕೈ ಖಾಲಿ ಇರುತ್ತಿತ್ತು, ನನ್ನ ಪಾಲಿನದನ್ನು ಎಳೆದುಕೊಳ್ಳುತ್ತಿದ್ದರು. ಈಗ ಎಲ್ಲರ ಕೈಯೂ ತುಂಬಿತ್ತು. ಪ್ರೆಸ್ಸು ನಿಲ್ಲುವುದಿಲ್ಲ. ನಾನು ಮರಳುವಾಗ ನನ್ನ ಜಾಗದಲ್ಲಿ ಹಸಿ ಹೆಂಚುಗಳು ಒಂದರ ಮೇಲೊಂದು ಬಿದ್ದು ಬಾಗಿದ್ದವು. ಬಾಯಮ್ಮ ಬೆವರು ಒರೆಸಿಕೊಳ್ಳುತ್ತ ಇಬ್ಬರ ಕೆಲಸ ಮಾಡುತ್ತಿದ್ದರು. ಬೈದಿದ್ದರೆ ಮರುದಿನವೂ ಹೋಗುತ್ತಿದ್ದೆನೋ ಏನೋ. ಇನ್ನು ಮಗುವನ್ನು ತರಬೇಡಿ ಎಂದು ಅತ್ತೆಗೆ ಹೇಳಿದೆ.

ಅಲ್ಲಿಂದ ಮುಂದೆ ದಿನವೂ ಒಂದೇ ಕತೆ. ಹೊತ್ತೇರಿದಂತೆ ಹಾಲು ಕಟ್ಟಿ ನೋವು. ರವಿಕೆ ಒದ್ದೆಯಾಗಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೇ ಕೆಲಸ. ಪ್ರೆಸ್ಸಿನ ಗದ್ದಲದ ನಡುವೆ ಅಳು ಕೇಳಿದಂತಾಗಿ ಕೈ ನಿಲ್ಲುತ್ತಿತ್ತು. ನಿಜವಾದ ಅಳುವೋ ನನ್ನ ತಲೆಯೊಳಗಿನದೋ ತಿಳಿಯುವ ದಾರಿಯಿರಲಿಲ್ಲ. ಸಂಜೆ ಮನೆಗೆ ಓಡಿದರೆ, ಅತ್ತಿದ್ದನೇ ಎಂದು ಕೇಳಲೂ ಭಯ. ಅತ್ತೆ ಗಂಜಿತಿಳಿ ಕುಡಿಸುತ್ತಿದ್ದರು. ಮಗುವನ್ನು ಹಸಿವಿನಲ್ಲಿ ಬಿಡುವುದು ಹೇಗೆ? ಆದರೂ ಅವರ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನನ್ನ ಮೇಲೆಯೇ ಬೇಸರ. ಬರಬರುತ್ತ ಹಾಲು ಕಟ್ಟುವುದು ಕಡಿಮೆಯಾಯಿತು. ಮಗ ರಾತ್ರಿಯೂ ಹೆಚ್ಚು ಕುಡಿಯುತ್ತಿರಲಿಲ್ಲ. ನಿದ್ದೆಯಿರಬೇಕು ಎಂದುಕೊಂಡೆ.

ಕೆಲವು ವಾರ ಕಳೆಯುವಷ್ಟರಲ್ಲಿ ಒಣಗಿಸುವ ಹಲಗೆಗಳೆಲ್ಲ ಚಪ್ಪಟೆ ಹೆಂಚಿನಿಂದ ತುಂಬಿಹೋದವು. ಹೊಸತನ್ನು ಇಡಲು ಜಾಗವಿಲ್ಲ; ಬಾಗಿದ ಹೆಂಚಿಗೆ ಬಂದ ಲಾರಿಗಳು ಖಾಲಿ ಹೋದವು. ಇಂಜಿನಿಯರ್ ಮತ್ತೆ ಲೆಕ್ಕ ಹಾಕಿ, ದಿನಕ್ಕೆರಡು ಸಲ ಅಚ್ಚು ಬದಲಿಸುವುದೇ ವಾಸಿ ಎಂದರು.

ಮರುದಿನ ಪ್ರೆಸ್ಸು ನಿಂತಿತು. ಗೇಟಿಗೆ ಓಡಿದೆ. ಹಿಂದಿನ ರಾತ್ರಿ ಹೇಳಿಟ್ಟಂತೆ ಅತ್ತೆ ಬಂದಿದ್ದರು. ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಮರೆಯಲ್ಲಿ ಕೂತೆ. ಅವನು ಒಮ್ಮೆ ಬಾಯಿ ಹಾಕಿ ಮುಖ ತಿರುಗಿಸಿದ. ಮತ್ತೆ ಹಿಡಿದೆ, ಬೆನ್ನು ಸೆಟೆಸಿ ಅತ್ತೆಯತ್ತ ಕೈ ಚಾಚಿದ.

"ಅವನ ಹೊಟ್ಟೆ ತುಂಬಿದೆ ಮಗಾ, ಬಿಡು" ಎಂದರು ಅತ್ತೆ.

ನಾನು ಬಿಡಲಾರದೆ ಕೂತಿದ್ದೆ. ಮಣ್ಣಿನ ರಾಶಿಯ ಆಚೆ ಇಂಜಿನಿಯರ್ ಬಂದು ನಿಂತದ್ದು ಗೊತ್ತಾಯಿತು. ಈಚೆ ನೋಡದೆ, ಸಂಕೋಚದಿಂದಲೇ ಕೇಳಿದರು, "ಇನ್ನು ಮಗುವಿಗೆ ಬೇಕಾದಷ್ಟು ಹೊತ್ತು ಉಂಟಲ್ಲ?"

"ಉಂಟು ಸರ್" ಎಂದೆ.