ಡಿಕ್ಕಿಯೊಳಗೆ ಉರಿದ ದೀಪ

ನಮ್ಮ ಮಾವನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು, ಸರಿಯಾಗಿ ಒಂದು ವೈರು ಕೂರುವಷ್ಟು. ಆಯುಷ್ಯವಿಡೀ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದಲೇ ಸುಲಿದವನು. ಇಕ್ಕಳ ಎದುರಿಗೇ ಬಿದ್ದಿರುತ್ತಿತ್ತು, ಮುಟ್ಟುತ್ತಿರಲಿಲ್ಲ. ಕಚ್ಚುವುದು, ಎಳೆಯುವುದು, ಥೂ ಎಂದು ಉಗುಳುವುದು. ನಕ್ಕಾಗ ಆ ಕಚ್ಚು ಕಾಣುತ್ತಿತ್ತು, ಮತ್ತು ಮನುಷ್ಯ ಬಹಳ ನಗುತ್ತಿದ್ದ. ಊರಿಗೆಲ್ಲ ‘ಅವರು’ ಆಗಿದ್ದವನನ್ನು ನಾನು ‘ಅವನು’ ಎಂದೇ ಬರೆಯುತ್ತೇನೆ. ಸೋದರಮಾವ ಎಂಬ ಸಲಿಗೆಯೂ ಇದೆ, ಸಿಟ್ಟೂ ಇದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಚಿಗಟೇರಿಯಿಂದ ಕರೆತಂದು ಕೊಟ್ಟೂರಿನಲ್ಲಿ ಮಾವನ ಮನೆಗೆ ಬಿಟ್ಟಳು. ಮಕ್ಕಳಿಲ್ಲದ ಮನೆ. ಹರಪನಹಳ್ಳಿ ರಸ್ತೆಗೆ ಅವನ ಗಾಡಿ ವೈರಿಂಗ್ ಅಂಗಡಿ. ಶಾಲೆ ಬಿಟ್ಟೊಡನೆ ನಾನು ಅಲ್ಲಿ ಹಾಜರು. ಹೆಣ್ಣು ಹುಡುಗಿಯ ಕೈಗೆ ಗ್ರೀಸು ಹಚ್ಚಿಸುತ್ತೀರಲ್ಲ ಎಂದು ಅತ್ತೆ ಗೊಣಗಿದರೆ ಅವನು, “ಅಕಿ ಕೈ ಸಣ್ಣವು ಅದಾವ, ಡ್ಯಾಶ್‌ಬೋರ್ಡಿನ ಹಿಂದ ಹೋಗ್ತಾವ. ನನ್ನವು ಹೋಗ್ತಾವೇನು? ನೀನರ ತೂರ್ಸು ನೋಡಾನ” ಎನ್ನುತ್ತಿದ್ದ.

ಅವನಿಗೆ ಕಾರಿನ ಒಳಗಿನ ದೀಪಗಳ ಹುಚ್ಚು. ಹೆಡ್‌ಲೈಟು ಹೋದರೆ ಜನ ಓಡಿ ಬರುತ್ತಾರೆ, ಒಳಗಿನ ಲೈಟು ಕೆಟ್ಟರೆ ಯಾರು ಕೇಳುತ್ತಾರೆ? ಮಾವ ಕೇಳುತ್ತಿದ್ದ. ಹಾರ್ನ್ ರಿಪೇರಿಗೆ ಬಂದ ಹಳೇ ಕಾರಿನ ಬಾಗಿಲು ತೆಗೆದವನೇ ಮೊದಲು ಸೂರಿನ ದೀಪ ನೋಡುತ್ತಿದ್ದ. ಹತ್ತಲಿಲ್ಲವೋ, ಹಾರ್ನ್ ಕಾಯಬೇಕು. ಮೊದಲು ಫ್ಯೂಸು, ಆಮೇಲೆ ಬಲ್ಬು, ಆಮೇಲೆ ಬಾಗಿಲ ಚೌಕಟ್ಟಿನಲ್ಲಿರುವ ಗುಂಡಿಯಂಥ ಸ್ವಿಚ್ಚು. ಹಳೇ ಗಾಡಿಗಳಲ್ಲಿ ಆ ಸ್ವಿಚ್ಚಿಗೆ ತುಕ್ಕು ಹಿಡಿದಿರುತ್ತದೆ, ಬಿಚ್ಚಿ ಉಜ್ಜಿದರೆ ಮುಗಿಯಿತು. ದೀಪ ಹತ್ತಿದರೆ ಗಿರಾಕಿಗಿಂತ ಇವನಿಗೇ ಸಂತೋಷ.

ಆದರೆ ಆರದ ದೀಪದ ಲೆಕ್ಕವೇ ಬೇರೆ. ಹಿರೇಹಡಗಲಿಯ ವ್ಯಾಪಾರಿಯೊಬ್ಬರು ಬ್ಯಾಟರಿ ಮೇಲೆ ಬ್ಯಾಟರಿ ಬದಲಾಯಿಸಿ, ಕೊನೆಗೆ ಗಾಡಿಗೆ ಯಾರದೋ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಕಟ್ಟಿಕೊಂಡು ಬಂದಿದ್ದರು. ಮಾವ ಬಾನೆಟ್ ಮುಟ್ಟದೆ ನೆಟ್ಟಗೆ ಗಾಡಿಯ ಹಿಂದಿನ ಡಿಕ್ಕಿಗೆ ಹೋದ. ಡಿಕ್ಕಿ ಮುಚ್ಚಿದರೂ ಒಳಗಿನ ದೀಪ ಆರುತ್ತಿರಲಿಲ್ಲ, ಅದು ಇಡೀ ರಾತ್ರಿ ಬ್ಯಾಟರಿ ಹೀರುತ್ತಿತ್ತು. “ಕಣ್ಣಿಗೆ ಕಾಣೋ ದೀಪ ಉರಿದ್ರ ಯಾರರ ಆರಿಸ್ತಾರ್ರಿ. ಕಾಣದ್ದು ಮನಿ ತೊಳೀತೈತಿ. ಬ್ಯಾಟ್ರಿ ಸತ್ರ ಮೊದ್ಲು ಡಿಕ್ಕಿ ನೋಡ್ಬೇಕು” ಎಂದ. ಈ ಮಾತನ್ನು ನನಗೆ ಎಷ್ಟು ಸಲ ಹೇಳಿದನೋ.

ಮುಚ್ಚಿದ ಡಿಕ್ಕಿಯೊಳಗೆ ದೀಪ ಆರಿತೋ ಇಲ್ಲವೋ ತಿಳಿಯುವುದು ಹೇಗೆ? ನನ್ನನ್ನೇ ಒಳಗೆ ಮಲಗಿಸಿ ಮುಚ್ಚುತ್ತಿದ್ದ! “ಆರಿತೇನ ಅವ್ವೀ?” ಎಂದು ಹೊರಗಿನಿಂದ ಕೂಗುತ್ತಿದ್ದ. “ಆರ್ತು ಮಾವಾ” ಎಂದು ನಾನು ಕತ್ತಲಲ್ಲಿ ನಗುತ್ತಿದ್ದೆ. ಒಂದು ದಿನವೂ ಹೆದರಿದವಳಲ್ಲ. ತೆಗೆಯುವವನು ಮಾವ ತಾನೆ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಜೋಡಿಸಿದ ವೈರಿಗೆ ಕರೀ ಟೇಪು ಸುತ್ತಿ, ಕೊನೆಗೆ ತುದಿಯನ್ನು ಮಡಚಿ ಸಣ್ಣ ಬಾಲ ಬಿಡುತ್ತಿದ್ದ. “ಮುಂದ ಬಿಚ್ಚೋನು ಉಗುರು ಕಿತ್ಕಾಬಾರ್ದು” ಎನ್ನುತ್ತಿದ್ದ. ಬೇರೆ ಯಾವ ಅಂಗಡಿಯವರೂ ಹಾಗೆ ಬಾಲ ಬಿಟ್ಟಿದ್ದನ್ನು ನಾನು ನೋಡಿಲ್ಲ.

ನಾನು ಐಟಿಐ ಮುಗಿಸಿದೆ, ಡಿಪ್ಲೊಮಾ ಮುಗಿಸಿದೆ, ಮತ್ತೆ ಅದೇ ಬೆಂಚಿನ ಮೇಲೆ ಕುಳಿತೆ. ಅಷ್ಟರಲ್ಲಿ ಮಾವನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾಗಿತ್ತು. ಕೆಂಪು ವೈರು ಯಾವುದು, ಕಂದು ಯಾವುದು ಎಂದು ಗಿರಾಕಿಗಳಿಗೆ ಕೇಳದಂತೆ ನಾನು ಪಿಸುಗುಟ್ಟಬೇಕಿತ್ತು. ಆಗಲೇ ಐಟಿಐ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದರು. ನನ್ನ ವಯೋಮಿತಿಗೆ ಅದೇ ಕೊನೆಯ ಅವಕಾಶ, ತಪ್ಪಿದರೆ ಮತ್ತೆ ಬರೆಯುವಂತಿರಲಿಲ್ಲ. ಹುಡುಗಿಯರ ಒಂದು ತರಗತಿಗೆ ಕೈಯಲ್ಲಿ ಟೆಸ್ಟರ್ ಹಿಡಿದು ಪಾಠ ಹೇಳಬೇಕೆಂಬುದು ನನ್ನ ಜೀವದ ಆಸೆ. ಮಾವ ಅಂಗಡಿಗೆ ಬಂದವರಿಗೆಲ್ಲ, “ನಮ್ಮ ಹುಡುಗಿ ಮೇಷ್ಟ್ರಾಗ್ತಾಳ” ಎಂದು ಚಹಾ ಕುಡಿಸಿದ.

ಪರೀಕ್ಷೆ ಬಳ್ಳಾರಿಯಲ್ಲಿ. ನಸುಕಿನ ಬಸ್ಸಿಗೆ ಹೋಗುತ್ತೇನೆ ಎಂದೆ. “ಬಸ್ಸಿನಾಗ ಯಾಕ ಗುದ್ದಾಡ್ತೀಯವ್ವಿ? ನಮ್ಮ ಗಾಡಿ ಐತಲ್ಲ, ನೀನ ಹೊಡಿ, ಜೋಡೀಲೆ ಹೋಗಾನ” ಎಂದ. ನಮ್ಮದೂ ಹಳೇ ಕಾರು, ಕೆಲವು ದಿನದಿಂದ ಮನೆಯ ಮುಂದೆ ತಾಡಪಾಲು ಹೊದ್ದು ನಿಂತಿತ್ತು. ಅವನ ಮಾತಿನ ಮೇಲೆ ನಾನು ಬಸ್ಸು ಬಿಟ್ಟೆ.

ಬೆಳಿಗ್ಗೆ ಚಾವಿ ತಿರುಗಿಸಿದರೆ ಗಾಡಿ ಟಕ್ ಎನ್ನಲೂ ಇಲ್ಲ. ಓಣಿಯವರು ಸೇರಿ ದೂಡಿದರು, ಎಂಜಿನ್ನಿಗೆ ಪೆಟ್ರೋಲು ಎತ್ತುವ ಪಂಪಿಗೇ ಕರೆಂಟಿಲ್ಲದ ಗಾಡಿ ದೂಡಿದರೆ ಹತ್ತುತ್ತದೆಯೇ? ಅಂಗಡಿಯಲ್ಲಿದ್ದ ಬ್ಯಾಟರಿಗಳನ್ನು ಹಿಂದಿನ ದಿನವೇ ಗಿರಾಕಿಗಳಿಗೆ ಕೊಟ್ಟಾಗಿತ್ತು, ನಸುಕಿನ ಬಸ್ಸೂ ಹೋಗಿಯಾಗಿತ್ತು. ಮಾವ ಬಾನೆಟ್ ಎತ್ತಿ ಫ್ಯೂಸು ನೋಡಿದ, ಅರ್ತಿಂಗ್ ನೋಡಿದ, ಬೆವರು ಒರೆಸಿಕೊಂಡ. ನಾನು ಡಿಕ್ಕಿಯ ಕಡೆ ಹೊರಟರೆ, “ಅಲ್ಲೇನೈತಿ, ನೋಡೀನಿ ಬಿಡು” ಎಂದ. ನಂಬಿದೆ. ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ತಂದು ಗಾಡಿ ಚಾಲೂ ಮಾಡುವ ಹೊತ್ತಿಗೆ ಬಿಸಿಲೇರಿತ್ತು. ಕೂಡ್ಲಿಗಿ ದಾಟುವವರೆಗೂ ನಾನು ಗಡಿಯಾರ ನೋಡಲಿಲ್ಲ. ಆಮೇಲೆ ರಸ್ತೆ ಬಿಟ್ಟರೆ ಅದನ್ನೇ ನೋಡಿದೆ.

ಗೇಟು ಹಾಕಿದ್ದರು. ಮಾವ ಗೇಟಿನ ಪೊಲೀಸರಿಗೆ ಕೈಮುಗಿದ. “ತಂದಿ ಇಲ್ಲದ ಮಗಳ್ರಿ ಸಾಹೇಬ್ರ, ಕಾಲಿಗೆ ಬೀಳ್ತೀನ್ರಿ” ಎಂದು ನಿಜವಾಗಿಯೂ ಬಗ್ಗಿದ. ನಾನೇ ಅವನನ್ನು ಹಿಡಿದೆತ್ತಿದೆ. ವಾಪಸು ಬರುವಾಗ ಅವನು ಅಳುತ್ತಿದ್ದ, ನಾನು ಸಮಾಧಾನ ಹೇಳಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಆ ವಾರದಲ್ಲೇ ಬ್ಯಾಟರಿ ಮತ್ತೆ ಸತ್ತಿತು. ಮಾವ ಸಂತೆಗೆ ಹೋಗಿದ್ದ. ಬ್ಯಾಟರಿ ಚಾರ್ಜ್ ಮಾಡಿ ಹಾಕಿ, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ ವಿಡಿಯೊದಲ್ಲಿ ಮುಚ್ಚಿದ ಡಿಕ್ಕಿ ಹಬ್ಬದ ಮನೆಯಂತೆ ಬೆಳಗುತ್ತಿತ್ತು. ಒಳಗಿನ ರಟ್ಟು ಬಿಚ್ಚಿದೆ. ಡಿಕ್ಕಿ ಮುಚ್ಚಿದರೂ ದೀಪ ಆರದಂತೆ ಸ್ವಿಚ್ಚಿನ ಎರಡೂ ವೈರು ಕತ್ತರಿಸಿ, ಒಂದಕ್ಕೊಂದು ಹೊಸೆದು, ಹೊಸಾ ಟೇಪು ಸುತ್ತಲಾಗಿತ್ತು. ತುದಿಗೆ ಬಾಲ.

ಬಾಲ ಹಿಡಿದು ಟೇಪು ಬಿಚ್ಚಿಕೊಂಡೆ. ಸಂಜೆ ಅವನು ಚಹಾ ಕುಡಿಯುವಾಗ ಆ ಟೇಪನ್ನು ಎದುರಿಗಿಟ್ಟೆ.

“ಡಿಕ್ಕಿ ಲೈಟು ಆರ್ತಿದ್ದಿಲ್ಲ ಮಾವ.”

ಅವನು ಟೇಪು ನೋಡಿದ. ಅದನ್ನು ಕಾಣುವಷ್ಟು ಕಣ್ಣು ಇನ್ನೂ ಇತ್ತು. “ಇಲಿ ಕಡಿದಿರ್ಬೇಕವ್ವ” ಎಂದ.

“ಇಲಿ ಟೇಪು ಸುತ್ತತಾವೇನು?”

ಅತ್ತೆ ಒಲೆಯ ಕಡೆ ಮುಖ ತಿರುಗಿಸಿದಳು. ಮಾವ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅಷ್ಟೇ. ಒಂದು ‘ಹೌದು’ ಎಂದಿದ್ದರೆ ನಾನು ಕೂಗಾಡಿ, ಅತ್ತು, ಒಂದು ದಿನ ಮರೆಯುತ್ತಿದ್ದೆನೇನೋ. ಅವನು ಸಾಯುವವರೆಗೆ ಆ ಒಂದು ಮಾತು ಆಡಲಿಲ್ಲ.

ಎಲ್ಲಿಗೆ ಹೋಗಲಿ? ಮರುದಿನ ಮತ್ತೆ ಅದೇ ಬೆಂಚು. ಅವನು ವೈರು ಹಿಡಿಯುತ್ತಿದ್ದ, ನಾನು ಬಣ್ಣ ಹೇಳುತ್ತಿದ್ದೆ. ಊಟ ಬಡಿಸಿದೆ, ಮಾತ್ರೆ ಕೊಟ್ಟೆ, ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆ. ನಗಿಸಲು ನೋಡುತ್ತಿದ್ದ, ನಾನು ನಗಲಿಲ್ಲ. ಇಂದಿಗೂ ನನ್ನ ಅನ್ನ ಅವನು ಕಲಿಸಿದ ವಿದ್ಯೆಯಿಂದಲೇ ಹುಟ್ಟುತ್ತದೆ, ಆ ಋಣ ಇಲ್ಲವೆನ್ನಲಾರೆ. ಕಸುಬು ಕೊಟ್ಟ ಕೈಯೇ ಬಾಗಿಲು ಹಾಕಿತು ಎಂಬುದನ್ನು ನುಂಗಲೂ ಆರೆ.

ಹೋದ ವರ್ಷ ತೀರಿಕೊಂಡ. ಶಿವಗಣಾರಾಧನೆಯ ದಿನ ಊಟದ ಪಂಕ್ತಿ ಎದ್ದ ಮೇಲೆ ಉಚ್ಚಂಗಿದುರ್ಗದ ಹಿರಿಯ ಲಾರಿ ಡ್ರೈವರೊಬ್ಬರು, ಮಾವನ ಹಳೇ ಗಿರಾಕಿ, ಎಲ್ಲರೆದುರು ನನ್ನ ತಲೆ ಮುಟ್ಟಿದರು.

“ಇಂಥಾ ಮಗಳು ಯಾರಿಗದಾಳ್ರಿ? ನೌಕರಿ ಪರೀಕ್ಷಿಗೆ ಕರದ್ರ, ಮಾವನ್ನ ಬಿಟ್ಟು ಹೋಗಂಗಿಲ್ಲ ಅಂತ ಒಲ್ಲೆ ಅಂದಾಕಿ. ಅವ್ರು ಹೇಳಿದಾಗೆಲ್ಲ ಕಣ್ಣಾಗ ನೀರು ತರ್ತಿದ್ರು.”

ಸುತ್ತ ಕುಳಿತ ಪರವೂರ ಗಿರಾಕಿಗಳೆಲ್ಲ ಹೌದು ಹೌದು ಎಂದರು. ಅವರಿಗೆಲ್ಲ ಈ ಕತೆ ಗೊತ್ತಿತ್ತು. ಮಾವ ವರ್ಷಗಟ್ಟಲೆ ಹೀಗೇ ಹೇಳಿಕೊಂಡು ಬಂದಿದ್ದಾನೆ. ಅತ್ತೆಯನ್ನು ನೋಡಿದೆ, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸುಮ್ಮನಿದ್ದರೆ ನಾನು ಊರಿಗೇ ದೇವತೆ. ಆದರೆ ನನ್ನ ಪಾಲಿಗೆ ಉಳಿದಿದ್ದು ನಿಜವೊಂದೇ, ಅದನ್ನೂ ಅವನ ಜೊತೆ ಮಣ್ಣು ಮಾಡಲು ಮನಸ್ಸಾಗಲಿಲ್ಲ.

“ನಾನು ಒಲ್ಲೆ ಅಂದಿಲ್ರಿ ಯಜಮಾನ್ರ,” ಎಂದೆ. “ಇರವ್ವಿ ಅಂತ ಒಂದು ಮಾತು ಕೇಳಿದ್ರ ಇರ್ತಿದ್ದೆ. ನನ್ನ ಯಾರೂ ಕೇಳ್ಲೇ ಇಲ್ರಿ.”