ಬೇಲಿ ಹಿಡಿದು ಬೈಯುವ ಧರಣೇಂದ್ರ ಕಾಕಾ

ನಿಪ್ಪಾಣಿಯ ಬಟ್ಟೆ ವ್ಯಾಪಾರಿ ಧರಣೇಂದ್ರ ಕಾಕಾ ಮೂವತ್ತು ವರ್ಷಗಳಲ್ಲಿ ಊರಿನ ಫುಟ್‌ಬಾಲ್ ತಂಡದ ಆಟ ನೋಡುವುದನ್ನು ತಪ್ಪಿಸಿದವರಲ್ಲ, ಬೈಯುವುದನ್ನೂ ತಪ್ಪಿಸಿದವರಲ್ಲ. ಗೋಲು ಹೊಡೆಯುವ ಹುಡುಗನನ್ನು ಬೇರೆ ತಂಡಕ್ಕೆ ಮಾರಿ, ಜರ್ಸಿಯ ಮೇಲೆ ತನ್ನ ಮೋರೆ ಅಚ್ಚು ಹಾಕಿಸಿದ ಮಾಲಕನಿಗೆ ಅರ್ಧ ಬೈಗುಳ. ಇದ್ದಬದ್ದವರನ್ನೆಲ್ಲ ಗೋಲಿನ ಮುಂದೆ ಗೋಡೆಯಂತೆ ನಿಲ್ಲಿಸುವ ಕೋಚ್ ಅಮೋಲನಿಗೆ ಉಳಿದರ್ಧ.

ಆ ರವಿವಾರ ಸಂಜೆ ಒಂದು ಗೋಲು ಹಿಂದಿದ್ದರೂ ತಂಡ ಮುಂದೆ ಹೋಗಲೊಲ್ಲದು.

“ಏ ಅಮೋಲ್ಯಾ, ಗ್ವಾಡಿ ಕಟ್ಟಾಕ ನೀ ಏನ್ ಗೌಂಡಿ ಏನಲೇ? ಮುಂದಕ್ಕ ಕಳಸು!”

ಕೂಗುವ ಭರದಲ್ಲಿ ಕಾಕಾರಿಗೆ ಚೀಲದಲ್ಲಿದ್ದ ಊಟದ ಡಬ್ಬಿಯೇ ಮರೆತುಹೋಗಿತ್ತು. ಜೈನರಾದ ಅವರು ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ, ಉಪವಾಸ ಮಲಗುವಂತಿಲ್ಲ.

ಮೈದಾನದ ಗೆರೆಯ ಬಳಿ ನಿಂತಿದ್ದ ಅಮೋಲ ತಟ್ಟನೆ ತಿರುಗಿದ. ಇನ್ನು ಜಗಳವೇ ಎಂದುಕೊಂಡರು ಎಲ್ಲರೂ.

“ಕಾಕಾ, ಹೊತ್ತ ಮುಳಗಾಕತ್ತೈತ್ರಿ. ಮೊದಲ ಉಣ್ರಿ, ಆಮ್ಯಾಲ ಬೈರಿ!”

ಕಾಕಾ ಡಬ್ಬಿ ಬಿಚ್ಚಿದರು. ಸೋಲುವ ಹೊತ್ತಿನಲ್ಲೂ ಅವನು ತಮ್ಮ ವ್ರತ ನೆನಪಿಟ್ಟನಲ್ಲ ಎಂದು ಅವರ ಎದೆ ತುಂಬಿತು. ಹೊತ್ತು ಮುಳುಗುವ ಮೊದಲೇ ರೊಟ್ಟಿ ಉಂಡು, ಕೈ ತೊಳೆದು, ಮತ್ತೆ ಮೈದಾನದ ಬೇಲಿ ಹಿಡಿದರು.

ಅಂದು ಅಮೋಲನ ಪಾಲಿನ ಬೈಗುಳವೂ ಮಾಲಕನಿಗೇ ಸಂದಿತು.